ತೊಗರಿ, ಬರ ಮತ್ತು ವಿನೆಗರ್: ಪ್ರೋಟೀನ್ ಅಸಿಟೈಲೀಕರಣದ ಪ್ರಯೋಗವನ್ನು ಸರಿಯಾಗಿ ಮಾಡುವ ಬಗೆ

ಮುಂಗಾರು ಮಳೆ ಹದಿನೈದು ದಿನ ಕೈಕೊಟ್ಟರೆ ಸಾಕು, ಕಲಬುರಗಿ, ಯಾದಗಿರಿ ಮತ್ತು ಬೀದರ್ ಜಿಲ್ಲೆಗಳ ಓದುಗರಿಂದ ಒಂದೇ ಪ್ರಶ್ನೆ ಬರತೊಡಗುತ್ತದೆ: ನೀರಿಗೆ ವಿನೆಗರ್ ಬೆರೆಸಿ ಹಾಕಿದರೆ ತೊಗರಿ ಬರ ತಾಳುತ್ತದೆಯೇ? ರೈತರು ಮೊಬೈಲ್‌ಗೆ ಬಂದ ವಿಡಿಯೊ ನೋಡಿ ಕೇಳುತ್ತಾರೆ. ಸಸ್ಯಶಾಸ್ತ್ರ ಮತ್ತು ಜೈವಿಕ ತಂತ್ರಜ್ಞಾನದ ವಿದ್ಯಾರ್ಥಿಗಳು ಇದನ್ನೇ ಪ್ರಾಜೆಕ್ಟ್ ಮಾಡಿಕೊಳ್ಳಬಹುದೇ ಎಂದು ಕೇಳುತ್ತಾರೆ. ಇಬ್ಬರಿಗೂ ನಾನು ಹೇಳುವುದು ಇಷ್ಟು: ಈ ಮಾತಿಗೆ ಗಟ್ಟಿಯಾದ ವೈಜ್ಞಾನಿಕ ಮೂಲವಿದೆ, ಆದರೆ ಆ ಮೂಲಕ್ಕೂ ನಮ್ಮ ಎರೆಭೂಮಿಗೂ ನಡುವೆ ದೊಡ್ಡ ಅಂತರವಿದೆ. ಆ ಅಂತರವನ್ನು ನೀವೇ ಕುಂಡದಲ್ಲಿ ಅಳೆದು ನೋಡಬಹುದು. ಹೇಗೆ ಎಂಬುದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಮೊದಲ ಆರು ಹಂತಗಳನ್ನು ಮನೆಯ ಅಂಗಳದಲ್ಲಿಯೇ ಮಾಡಬಹುದು. ಏಳನೆಯದಕ್ಕೆ ಮಾತ್ರ ಪ್ರಯೋಗಾಲಯ ಬೇಕು.

ಮೊದಲು ತಿಳಿದಿರಬೇಕಾದದ್ದು

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳು ಒಂದಕ್ಕೊಂದು ಪೋಣಿಸಿಕೊಂಡ ಸರ. ಆ ಸರದಲ್ಲಿ ಲೈಸಿನ್ ಎಂಬ ಮಣಿ ಧನ ವಿದ್ಯುದಂಶ ಹೊತ್ತಿರುತ್ತದೆ. ಜೀವಕೋಶದೊಳಗೆ ಅಸಿಟೈಲ್-ಕೋಎ ಎಂಬ ಅಣುವಿನಿಂದ ಅಸಿಟೈಲ್ ಎಂಬ ಸಣ್ಣ ಗುಂಪನ್ನು ಕಿತ್ತು ಲೈಸಿನ್‌ಗೆ ಅಂಟಿಸುವ ಕಿಣ್ವಗಳಿವೆ, ಹಾಗೆ ಅಂಟಿಸಿದ್ದನ್ನು ಬಿಡಿಸುವ ಕಿಣ್ವಗಳೂ ಇವೆ. ಅಂಟಿಸುವ ಈ ಕ್ರಿಯೆಯೇ ಅಸಿಟೈಲೀಕರಣ. ಗುಂಪು ಅಂಟಿದೊಡನೆ ಲೈಸಿನ್‌ನ ವಿದ್ಯುದಂಶ ಇಲ್ಲವಾಗುತ್ತದೆ, ಪ್ರೋಟೀನ್‌ನ ತೂಕ 42 ಡಾಲ್ಟನ್ (ಅಣುಗಳ ತೂಕದ ಅಳತೆ) ಹೆಚ್ಚುತ್ತದೆ. ಪ್ರಯೋಗಗಳಿಗೆ ಮಾದರಿಯಾಗಿ ಬಳಸುವ ಅರಬಿಡಾಪ್ಸಿಸ್ ಎಂಬ ಸಾಸಿವೆ ಕುಟುಂಬದ ಪುಟ್ಟ ಗಿಡದಲ್ಲಿ ಹಿಸ್ಟೋನ್‌ಗಳಿಗೆ ಅಂಟಿಸುವ ಕಿಣ್ವಗಳ ಜೀನ್‌ಗಳು 12, ಬಿಡಿಸುವವು 18 ಎಂದು ಗುರುತಿಸಲಾಗಿದೆ.

ಹಿಸ್ಟೋನ್ ಎಂದರೆ ಡಿಎನ್‌ಎ ಎಳೆ ಸುತ್ತಿಕೊಳ್ಳುವ ಉಂಡೆಯಂತಹ ಪ್ರೋಟೀನ್. ಡಿಎನ್‌ಎ ಋಣ ವಿದ್ಯುದಂಶದ್ದಾದ್ದರಿಂದ ಧನ ವಿದ್ಯುದಂಶದ ಹಿಸ್ಟೋನ್‌ಗೆ ಬಿಗಿಯಾಗಿ ಅಂಟಿರುತ್ತದೆ. ಹಿಸ್ಟೋನ್‌ನ ಲೈಸಿನ್‌ಗಳಿಗೆ ಅಸಿಟೈಲ್ ಸೇರಿದಾಗ ಆ ಬಿಗಿ ಸಡಿಲವಾಗಿ, ಅಲ್ಲಿನ ಜೀನ್‌ಗಳನ್ನು ಓದುವ ಯಂತ್ರಾಂಗಕ್ಕೆ ದಾರಿ ಸಿಗುತ್ತದೆ. ಹಿಸ್ಟೋನ್ ಅಸಿಟೈಲೀಕರಣಕ್ಕೂ ಜೀನ್‌ಗಳ ಚಟುವಟಿಕೆಗೂ ನಂಟಿದೆ ಎಂಬುದನ್ನು ವಿನ್ಸೆಂಟ್ ಆಲ್‌ಫ್ರೇ 1964ರಲ್ಲಿಯೇ ಹೇಳಿದ್ದರು. ನೀರು ಕಡಿಮೆಯಾದಾಗ ಅರಬಿಡಾಪ್ಸಿಸ್‌ನ ಬರ ಸಂಬಂಧಿ ಜೀನ್‌ಗಳ ಹಿಸ್ಟೋನ್‌ಗಳಲ್ಲಿ ಅಸಿಟೈಲ್ ಹೆಚ್ಚುವುದು, ಮತ್ತೆ ನೀರು ಕೊಟ್ಟಾಗ ಅದು ಬೇಗನೆ ಇಳಿಯುವುದು ಮುಂದೆ ಕಂಡುಬಂತು. ಗಿಡ ಬರವನ್ನು ಗುರುತಿಸಿ ತನ್ನ ಜೀನ್‌ಗಳ ಕದ ತೆರೆಯುವ, ಮಳೆ ಬಂದೊಡನೆ ಮುಚ್ಚುವ ಬಗೆಗಳಲ್ಲಿ ಇದೊಂದು.

ವಿನೆಗರ್ ಇಲ್ಲಿಗೆ ಬಂದದ್ದು 2017ರಲ್ಲಿ. ಜಪಾನಿನ ರೈಕೆನ್ ಸಂಸ್ಥೆಯ ವಿಜ್ಞಾನಿಗಳು ಎಚ್‌ಡಿಎ6 ಎಂಬ ಬಿಡಿಸುವ ಕಿಣ್ವವನ್ನು ಅಭ್ಯಸಿಸುತ್ತಿದ್ದರು. ಸಾಮಾನ್ಯ ದಿನಗಳಲ್ಲಿ ಈ ಕಿಣ್ವ ಅಸಿಟೇಟ್ (ಅಸಿಟಿಕ್ ಆಮ್ಲದ ಒಡೆದ ರೂಪ) ತಯಾರಿಸುವ ಎರಡು ಜೀನ್‌ಗಳ ಮೇಲೆ ಕುಳಿತು ಅವುಗಳನ್ನು ಅದುಮಿಟ್ಟಿರುತ್ತದೆ. ಬರ ಬಂದಾಗ ಅದು ಅಲ್ಲಿಂದ ಸರಿಯುತ್ತದೆ, ಗಿಡ ತಾನೇ ಅಸಿಟೇಟ್ ತಯಾರಿಸಿಕೊಳ್ಳುತ್ತದೆ, ಆ ಅಸಿಟೇಟ್ ಹಿಸ್ಟೋನ್ ಎಚ್4ರ ಅಸಿಟೈಲೀಕರಣವನ್ನು ಹೆಚ್ಚಿಸಿ ಜಾಸ್ಮೊನೇಟ್ ಎಂಬ ರಕ್ಷಣಾ ಹಾರ್ಮೋನಿನ ಸಂಕೇತವನ್ನು ಎಬ್ಬಿಸುತ್ತದೆ. ಹೊರಗಿನಿಂದ ತೆಳುವಾದ ಅಸಿಟಿಕ್ ಆಮ್ಲ ಕೊಟ್ಟಾಗಲೂ ಅರಬಿಡಾಪ್ಸಿಸ್ ಅಷ್ಟೇ ಅಲ್ಲದೆ ಮೆಕ್ಕೆಜೋಳ, ಭತ್ತ, ಗೋಧಿಗಳೂ ಬರವನ್ನು ಹೆಚ್ಚು ತಾಳಿದವು. ವಿನೆಗರ್‌ನಲ್ಲಿ ಇರುವುದು ಇದೇ ಆಮ್ಲ.

ಇಷ್ಟು ತಿಳಿದವರು "ಹಾಗಾದರೆ ಅಸಿಟೈಲೀಕರಣ ಹೆಚ್ಚಿದಷ್ಟೂ ಒಳ್ಳೆಯದು" ಎಂದು ತೀರ್ಮಾನಿಸಿಬಿಡುತ್ತಾರೆ. ಅದು ತಪ್ಪು. ಪ್ರೋಟೀನ್ ಸರದ ಮೊದಲ ತುದಿಗೂ ಅಸಿಟೈಲ್ ಅಂಟುತ್ತದೆ, ಮತ್ತು ಅಲ್ಲಿ ಅಂಟಿಸುವ ಕೆಲಸದ ದೊಡ್ಡ ಪಾಲನ್ನು ನ್ಯಾಟ್-ಎ ಎಂಬ ಕಿಣ್ವ ಮಾಡುತ್ತದೆ. ಬರದಲ್ಲಿ ಏರುವ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ನ್ಯಾಟ್-ಎ ಪ್ರಮಾಣವನ್ನು ಇಳಿಸುತ್ತದೆಂದೂ, ಈ ಕಿಣ್ವ ಕಡಿಮೆ ಇರುವ ಅರಬಿಡಾಪ್ಸಿಸ್ ಗಿಡಗಳು ಬರವನ್ನು ಚೆನ್ನಾಗಿ ತಾಳುತ್ತವೆಂದೂ 2015ರಲ್ಲಿ ತಿಳಿಯಿತು. ಒಂದು ಕಡೆ ಹೆಚ್ಚಬೇಕು, ಇನ್ನೊಂದು ಕಡೆ ಕಡಿಮೆಯಾಗಬೇಕು. ಯಾವ ಪ್ರೋಟೀನ್, ಅದರ ಯಾವ ಜಾಗ, ಯಾವ ಹೊತ್ತು ಎಂಬುದನ್ನು ಹೇಳದೆ "ಅಸಿಟೈಲೀಕರಣ ಹೆಚ್ಚಿತು" ಎಂದರೆ ಆ ಮಾತಿಗೆ ಅರ್ಥ ಬರುವುದಿಲ್ಲ.

ಬೇಕಾಗುವ ವಸ್ತುಗಳು

ಅರ್ಧ ಲೀಟರ್ ಹಿಡಿಯುವ, ತಳದಲ್ಲಿ ತೂತು ಮಾಡಿದ 80 ಪ್ಲಾಸ್ಟಿಕ್ ಕಪ್ಪುಗಳು ಅಥವಾ ನರ್ಸರಿ ಚೀಲಗಳು. ತೊಳೆದ ಮರಳು ಮತ್ತು ತೆಂಗಿನ ನಾರಿನ ಪುಡಿ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಪಿಎಚ್ ಪಟ್ಟಿ, ಅಂದರೆ ದ್ರವದ ಹುಳಿ-ಕ್ಷಾರಗಳನ್ನು ಬಣ್ಣದಲ್ಲಿ ತೋರಿಸುವ ಕಾಗದ. ಕಿರಾಣಿ ಅಂಗಡಿಯ ಬಿಳಿ ವಿನೆಗರ್. ಸ್ವಲ್ಪ ಸಿಟ್ರಿಕ್ ಆಮ್ಲದ ಪುಡಿ. ಅಳತೆಗೆ ಸೂಜಿಯಿಲ್ಲದ ಸಿರಿಂಜ್. ಬೀಜಕ್ಕೆ ಟಿಎಸ್-3ಆರ್ ಅಥವಾ ಆಶಾ ತಳಿಯ ಪ್ರಮಾಣಿತ ಬೀಜವನ್ನೇ ತನ್ನಿರಿ. ಬೇಳೆ ಮಾಡಿಸಲೆಂದು ಮನೆಯಲ್ಲಿಟ್ಟ ತೊಗರಿಯಲ್ಲಿ ತಳಿಗಳು ಬೆರೆತಿರುತ್ತವೆ. ಗಿಡಗಿಡಕ್ಕೆ ಇರುವ ವ್ಯತ್ಯಾಸವನ್ನು ನೀವು ವಿನೆಗರ್‌ನ ಪರಿಣಾಮವೆಂದು ತಿಳಿಯುವ ಅಪಾಯವಿದೆ. ಆಶಾ ತಳಿಗೆ ಇನ್ನೊಂದು ಅನುಕೂಲವೂ ಇದೆ. ಹೈದರಾಬಾದ್ ಬಳಿಯ ಪಟಂಚೆರುವಿನ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ 2011ರಲ್ಲಿ ಪ್ರಕಟವಾದ ತೊಗರಿಯ ಜೀನೋಮ್ ಇದೇ ತಳಿಯದು, ಆದ್ದರಿಂದ ಮುಂದೆ ಜೀನ್‌ಗಳನ್ನು ಹುಡುಕುವ ವಿದ್ಯಾರ್ಥಿಗೆ ನಕ್ಷೆ ಸಿದ್ಧವಾಗಿಯೇ ಇದೆ.

ಹಂತ 1: ಕಾಲ ಮತ್ತು ಜಾಗ

ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಒಳ್ಳೆಯದು. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವುದರಿಂದ ಗಿಡ ಬಿಸಿಲಿಗೆ ಬಾಡಿತೋ ನೀರಿಲ್ಲದೆ ಬಾಡಿತೋ ಎಂದು ಬೇರ್ಪಡಿಸಲು ಆಗುವುದಿಲ್ಲ. ಮಳೆ ಹನಿ ಬೀಳದ, ಬೆಳಕು ಎಲ್ಲ ಕಡೆ ಸಮನಾಗಿರುವ ಜಾಗ ಬೇಕು.

ಹಂತ 2: ಮಣ್ಣು ಮತ್ತು ನೀರು

ಈ ಹಂತದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿರಿ, ಏಕೆಂದರೆ ನಮ್ಮ ಭಾಗದ ಹೆಚ್ಚಿನ ಪ್ರಯೋಗಗಳು ಕೆಡುವುದು ಇಲ್ಲಿಯೇ. ಹೊಲದ ಎರೆಮಣ್ಣಿನ ಒಣ ಹೆಂಟೆಯೊಂದನ್ನು ಪುಡಿಮಾಡಿ ತಟ್ಟೆಯಲ್ಲಿ ಹರಡಿ, ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಕಿವಿ ಹತ್ತಿರ ತಂದರೆ ಸಣ್ಣಗೆ ಚುರುಗುಟ್ಟುವ ಸದ್ದು ಕೇಳುತ್ತದೆ. ಬಿಳಿ ಸುಣ್ಣದ ಹರಳು ಇರುವ ಕಡೆ ನೊರೆ ಏಳುತ್ತದೆ. ಮಣ್ಣಿನಲ್ಲಿರುವ ಸುಣ್ಣ ಆಮ್ಲವನ್ನು ತಿಂದುಹಾಕಿ ಇಂಗಾಲದ ಡೈಆಕ್ಸೈಡ್ ಬಿಡುತ್ತಿದೆ ಎಂದು ಅರ್ಥ.

ಇದರ ಪರಿಣಾಮ ಸಣ್ಣದಲ್ಲ. ಅಸಿಟಿಕ್ ಆಮ್ಲ ಜೀವಕೋಶದ ಪೊರೆಯನ್ನು ಸುಲಭವಾಗಿ ದಾಟುವುದು ಅದರ ಅಣು ಒಡೆಯದೆ ಇಡಿಯಾಗಿದ್ದಾಗ. ಪಿಎಚ್ 3.4ರ ತೆಳು ದ್ರಾವಣದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಅಣುಗಳು ಇಡಿಯಾಗಿರುತ್ತವೆ; ಪಿಎಚ್ 8ರ ಎರೆಮಣ್ಣಿನ ತೇವದಲ್ಲಿ ಸಾವಿರಕ್ಕೆ ಒಂದು ಅಣುವೂ ಇಡಿಯಾಗಿ ಉಳಿಯುವುದಿಲ್ಲ. ಜೊತೆಗೆ ಮಣ್ಣಿನ ಸೂಕ್ಷ್ಮಜೀವಿಗಳು ಅಸಿಟೇಟನ್ನು ಆಹಾರವಾಗಿ ತಿನ್ನುತ್ತವೆ. ಆದ್ದರಿಂದ ಬಾಟಲಿಯ ಮೇಲೆ ಬರೆದ ಪ್ರಮಾಣವೇ ಬೇರಿಗೆ ಮುಟ್ಟಿತೆಂದು ಭಾವಿಸಬಾರದು. ಮೊದಲ ಪ್ರಯೋಗವನ್ನು ಮರಳು ಮತ್ತು ನಾರಿನ ಪುಡಿಯ ಸಮಭಾಗದ ಮಿಶ್ರಣದಲ್ಲಿ ಮಾಡಿ; ಅದರಲ್ಲಿ ಸ್ಪಷ್ಟ ಫಲಿತಾಂಶ ಬಂದ ಮೇಲೆ ಎರೆಮಣ್ಣಿನಲ್ಲಿ ಅದನ್ನೇ ಮರಳಿ ಮಾಡಿ. ಎರಡರ ನಡುವಿನ ವ್ಯತ್ಯಾಸವೇ ನಮ್ಮ ಭಾಗಕ್ಕೆ ಬೇಕಾದ ಉತ್ತರ.

ನೀರಿನ ವಿಷಯವೂ ಇದೇ. ಗಡಸು ಬೋರ್‌ವೆಲ್ ನೀರಿನ ಕ್ಷಾರೀಯತೆ ಲೀಟರಿಗೆ 300 ಮಿಲಿಗ್ರಾಂ ಇದ್ದರೆ, 10 ಮಿಲಿಮೋಲಾರ್ (ಒಂದು ಲೀಟರಿನಲ್ಲಿ ಎಷ್ಟು ಅಣುಗಳಿವೆ ಎಂಬ ಲೆಕ್ಕದ ಅಳತೆ) ಆಮ್ಲದಲ್ಲಿ ಸುಮಾರು 6 ಮಿಲಿಮೋಲಾರ್ ಬಕೆಟ್ಟಿನಲ್ಲಿಯೇ ತಟಸ್ಥವಾಗಿ ಹೋಗುತ್ತದೆ. ನಾನು ಮೊದಲ ಬಾರಿ ಇದನ್ನು ಮಾಡಿದಾಗ ಬೋರ್‌ವೆಲ್ ನೀರನ್ನೇ ಬಳಸಿ ಒಂದೂವರೆ ತಿಂಗಳ ಶ್ರಮ ಕಳೆದುಕೊಂಡೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಎರಡು ಕ್ಯಾನ್ ತಂದಿಟ್ಟುಕೊಳ್ಳಿ, ಎಲ್ಲ ಕಪ್ಪುಗಳಿಗೂ ಕೊನೆಯವರೆಗೆ ಅದೇ ನೀರನ್ನು ಬಳಸಿ.

ಹಂತ 3: ದ್ರಾವಣ ತಯಾರಿಕೆ

ಲೇಬಲ್ ಮೇಲೆ ಶೇ. 4 ಆಮ್ಲ ಎಂದಿರುವ ವಿನೆಗರ್‌ನ 15 ಮಿಲಿಲೀಟರನ್ನು ನೀರಿಗೆ ಹಾಕಿ ಒಟ್ಟು ಒಂದು ಲೀಟರ್ ಮಾಡಿದರೆ 10 ಮಿಲಿಮೋಲಾರ್, 30 ಮಿಲಿಲೀಟರ್ ಹಾಕಿದರೆ 20 ಮಿಲಿಮೋಲಾರ್ ಆಗುತ್ತದೆ. ಬಣ್ಣ, ಸಕ್ಕರೆ ಇರುವ ಹಣ್ಣಿನ ವಿನೆಗರ್ ಬೇಡ.

ನಾಲ್ಕು ಗುಂಪು ಮಾಡಿಕೊಳ್ಳಿ: ಬರಿ ನೀರು, 10 ಮಿಲಿಮೋಲಾರ್, 20 ಮಿಲಿಮೋಲಾರ್, ಮತ್ತು ಸಿಟ್ರಿಕ್ ಆಮ್ಲ. ನಾಲ್ಕನೆಯದನ್ನು ಬಿಡಬೇಡಿ. ಪ್ರಯೋಜನವಾದದ್ದು ಅಸಿಟೇಟ್‌ನಿಂದಲೋ ಬರಿ ಹುಳಿಯಿಂದಲೋ ಎಂಬುದನ್ನು ಹೇಳುವ ಕಪ್ಪುಗಳು ಅವೇ. ಹತ್ತು ಲೀಟರ್ ನೀರಿಗೆ ಒಂದು ಗ್ರಾಂ ಪುಡಿಯಿಂದ ಆರಂಭಿಸಿ, ಪಿಎಚ್ ಪಟ್ಟಿ 10 ಮಿಲಿಮೋಲಾರ್ ದ್ರಾವಣದ ಬಣ್ಣವನ್ನೇ ತೋರುವವರೆಗೆ ಹೊಂದಿಸಿ. ಪ್ರಯೋಗಾಲಯ ಇರುವವರು ಇದರೊಂದಿಗೆ ಲೀಟರಿಗೆ 0.98 ಗ್ರಾಂ ಪೊಟ್ಯಾಸಿಯಂ ಅಸಿಟೇಟ್, ಅದಕ್ಕೆ ಜೋಡಿಯಾಗಿ 0.75 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಗುಂಪುಗಳನ್ನೂ ಇಡಿ.

ಎಚ್ಚರಿಕೆ: ಕಾಲೇಜಿನ ಗ್ಲೇಶಿಯಲ್ ಅಸಿಟಿಕ್ ಆಮ್ಲ ನೀರು ಬೆರೆಸದ ಗಟ್ಟಿ ಆಮ್ಲ. ಚರ್ಮ ಸುಡುತ್ತದೆ, ಅದರ ಆವಿ ಕಣ್ಣಿಗೆ ಅಪಾಯ. ಕೈಗವಸು, ಕನ್ನಡಕ ಧರಿಸಿ, ನೀರಿಗೆ ಆಮ್ಲವನ್ನು ಸುರಿಯಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ. ದ್ರಾವಣವನ್ನು ಬೇರಿಗೆ ಮಾತ್ರ ಕೊಡಿ, ಎಲೆಗೆ ಸಿಂಪಡಿಸಬೇಡಿ. ಗಟ್ಟಿ ವಿನೆಗರನ್ನು ಕಳೆ ಸುಡಲು ಬಳಸುತ್ತಾರೆ ಎಂಬುದು ನೆನಪಿರಲಿ.

ಹಂತ 4: ಬಿತ್ತನೆ ಮತ್ತು ಉಪಚಾರ

ಪ್ರತಿ ಕಪ್ಪಿಗೂ ಒಂದೇ ತೂಕದ ಮಿಶ್ರಣ ತುಂಬಿ. ನೀರು ತುಂಬಿಸಿ, ಬಸಿದು ನಿಂತ ಮೇಲಿನ ತೂಕ ಬರೆದಿಡಿ. ಎರಡು ಬೀಜ ಊರಿ, ಮೊಳೆತ ಮೇಲೆ ಒಂದನ್ನು ಕಿತ್ತುಹಾಕಿ. ಮಿಶ್ರಣದಲ್ಲಿ ಸತ್ವವಿಲ್ಲದ ಕಾರಣ ವಾರಕ್ಕೊಮ್ಮೆ ನೀರಿನಲ್ಲಿ ಕರಗುವ ಗೊಬ್ಬರವನ್ನು ತೆಳುವಾಗಿ ಕರಗಿಸಿ ಎಲ್ಲಕ್ಕೂ ಸಮನಾಗಿ ಕೊಡಿ.

ಸಸಿ ಹದಿನೈದು ದಿನದ್ದಾದಾಗ ಚೀಟಿ ಎತ್ತಿ ಯಾವ ಕಪ್ಪು ಯಾವ ಗುಂಪಿಗೆ ಎಂದು ನಿರ್ಧರಿಸಿ. ಚೆನ್ನಾಗಿ ಬಂದ ಸಸಿಗಳಿಗೆ ನಮಗೆ ಅರಿವಿಲ್ಲದೆಯೇ ವಿನೆಗರ್ ಚೀಟಿ ಅಂಟಿಸಿಬಿಡುತ್ತೇವೆ. ಅದನ್ನು ತಡೆಯುವ ದಾರಿ ಇದೊಂದೇ. ಗುಂಪಿಗೆ 20 ಕಪ್ಪು ಬರುತ್ತವೆ. ಒಂಬತ್ತು ದಿನ, ದಿನ ಬಿಟ್ಟು ದಿನ, ಪ್ರತಿ ಕಪ್ಪಿಗೂ 50 ಮಿಲಿಲೀಟರ್ ದ್ರಾವಣ ಕೊಡಿ. ಎಲೆಯ ಅಂಚು ಸುಟ್ಟಂತೆ ಕಂಡರೆ 20 ಮಿಲಿಮೋಲಾರ್ ಗುಂಪನ್ನು ಅಲ್ಲಿಗೇ ನಿಲ್ಲಿಸಿ, ನಿಲ್ಲಿಸಿದ್ದನ್ನು ದಾಖಲಿಸಿ.

ಹಂತ 5: ನೀರು ನಿಲ್ಲಿಸುವುದು

ಹತ್ತನೆಯ ದಿನ ಎಲ್ಲ ಕಪ್ಪುಗಳನ್ನೂ ತುಂಬ ನೀರುಣಿಸಿ ಬಸಿಯಲು ಬಿಡಿ. ಅಲ್ಲಿಂದ ಪ್ರತಿ ಗುಂಪಿನ 10 ಕಪ್ಪುಗಳಿಗೆ ನೀರು ಮುಂದುವರಿಸಿ, ಉಳಿದ 10 ಕಪ್ಪುಗಳಿಗೆ ನಿಲ್ಲಿಸಿ. ಕಪ್ಪುಗಳ ಜಾಗವನ್ನು ಎರಡು ದಿನಕ್ಕೊಮ್ಮೆ ಬದಲಿಸಿ.

ಈಗ ಈ ಇಡೀ ಕೆಲಸದ ಅತಿ ದೊಡ್ಡ ಮೋಸದ ಗುಂಡಿ. ಹುಳಿ ದ್ರಾವಣ ಸಸಿಯ ಬೆಳವಣಿಗೆಯನ್ನು ಕುಂಠಿಸಬಹುದು. ಕುಂಠಿತ ಸಸಿಗೆ ಎಲೆ ಕಡಿಮೆ. ಎಲೆ ಕಡಿಮೆಯಾದರೆ ನೀರಿನ ಖರ್ಚೂ ಕಡಿಮೆ. ಅಂತಹ ಸಸಿಯ ಕಪ್ಪಿನಲ್ಲಿ ತೇವ ನಾಲ್ಕು ದಿನ ಹೆಚ್ಚು ಉಳಿದು, ಪಕ್ಕದ ಸೊಂಪಾದ ಸಸಿ ಒಣಗಿದಾಗ ಇದು ಹಸಿರಾಗಿರುತ್ತದೆ. ವಿಡಿಯೊ ತೆಗೆದರೆ ಪವಾಡದಂತೆ ಕಾಣುತ್ತದೆ, ಆದರೆ ಆ ಸಸಿ ಬರವನ್ನೇ ಕಂಡಿಲ್ಲ. ಆದ್ದರಿಂದ ದಿನವೂ ಒಂದೇ ಹೊತ್ತಿಗೆ ಪ್ರತಿ ಕಪ್ಪನ್ನು ತೂಗಿ. ಬೇಗ ಒಣಗುತ್ತಿರುವ ಕಪ್ಪಿಗೆ, ಅತಿ ನಿಧಾನವಾಗಿ ಒಣಗುತ್ತಿರುವ ಕಪ್ಪಿನ ತೂಕಕ್ಕೆ ಸರಿಹೊಂದುವಷ್ಟು ಮಾತ್ರ ನೀರನ್ನು ಸಿರಿಂಜ್‌ನಿಂದ ಸೇರಿಸಿ. ಆಗ ಎಲ್ಲ ಬೇರುಗಳೂ ಒಂದೇ ಮಟ್ಟದ ಬರವನ್ನು ಅನುಭವಿಸುತ್ತವೆ.

ಬಾಡಿದ್ದನ್ನು ಬೆಳಿಗ್ಗೆ ಸೂರ್ಯ ಮೇಲೇರುವ ಮೊದಲೇ ನೋಡಿ. ಮಧ್ಯಾಹ್ನ ತೊಗರಿ ತನ್ನ ಮೂರೆಲೆಗಳನ್ನು ಬಿಸಿಲಿಗೆ ಅಂಚು ಕೊಟ್ಟು ನಿಮಿರಿಸಿಕೊಳ್ಳುತ್ತದೆ; ಅದು ರಕ್ಷಣೆಯ ಭಂಗಿ, ಬಾಡಿದ್ದಲ್ಲ. ನೀರಿದ್ದೂ ಬಾಡಿದ ಗಿಡ ಕಂಡರೆ ಕಾಂಡದ ತೊಗಟೆ ಸುಲಿದು ನೋಡಿ. ಒಳಗೆ ಕಂದು ಅಥವಾ ಕಪ್ಪು ಗೆರೆಗಳಿದ್ದರೆ ಅದು ನೆಟೆ ರೋಗದ ಶಿಲೀಂಧ್ರದ ಗುರುತು, ಅಂತಹ ಗಿಡವನ್ನು ಲೆಕ್ಕದಿಂದ ಹೊರಗಿಡಿ.

ಹಂತ 6: ಅಳತೆ

ಎಲೆಯ ಸಾಪೇಕ್ಷ ನೀರಿನಂಶ ಎಂಬುದು ಎಲೆ ತುಂಬ ನೀರುಂಡಾಗ ಹಿಡಿಯಬಲ್ಲ ನೀರಿನಲ್ಲಿ ಈಗ ಎಷ್ಟು ಪಾಲು ಉಳಿದಿದೆ ಎಂಬ ಲೆಕ್ಕ. ಎಲೆ ಕಿತ್ತೊಡನೆ ತೂಗಿ, ನಾಲ್ಕು ಗಂಟೆ ನೀರಿನಲ್ಲಿಟ್ಟು ಒರೆಸಿ ತೂಗಿ, 70 ಡಿಗ್ರಿ ಒಲೆಯಲ್ಲಿ ಪೂರ್ತಿ ಒಣಗಿಸಿ ತೂಗಿ. ಮೊದಲ ತೂಕ 0.42 ಗ್ರಾಂ, ನೀರುಂಡದ್ದು 0.50, ಒಣಗಿದ್ದು 0.10 ಎಂದಿಟ್ಟುಕೊಳ್ಳಿ. 0.42ರಲ್ಲಿ 0.10 ಕಳೆದರೆ 0.32, 0.50ರಲ್ಲಿ 0.10 ಕಳೆದರೆ 0.40, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಶೇ. 80. ಇದಕ್ಕೆ ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕು, ಕಾಲೇಜಿನಲ್ಲಿ ಕೇಳಿ ಪಡೆಯಿರಿ. ಅದು ಸಿಗದಿದ್ದರೆ ಮತ್ತೆ ನೀರು ಕೊಟ್ಟು ಐದು ದಿನದ ಬಳಿಕ ಹೊಸ ಚಿಗುರು ಬಂದ ಗಿಡಗಳನ್ನು ಎಣಿಸಿ. ಎಣಿಸುವವರಿಗೆ ಯಾವ ಕಪ್ಪು ಯಾವ ಗುಂಪಿನದು ಎಂದು ಗೊತ್ತಿರಬಾರದು. ಮನೆಯ ಇನ್ನೊಬ್ಬರಿಂದ ಎಣಿಸಿ.

ರೈತ ಓದುಗರಲ್ಲಿ ಒಂದು ವಿನಂತಿ. ಕಪ್ಪಿನಲ್ಲಿ ಒಳ್ಳೆಯ ಫಲಿತಾಂಶ ಬಂತೆಂದು ನೇರವಾಗಿ ಹೊಲಕ್ಕೆ ಹೋಗಬೇಡಿ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 8 ಲಕ್ಷ ಕಿಲೋ ತೂಗುತ್ತದೆ, ಅದರಲ್ಲಿ ಶೇ. 5 ಸುಣ್ಣವಿದ್ದರೆ 40 ಟನ್ ಸುಣ್ಣ. ನೀವು ಹೊತ್ತೊಯ್ಯುವ ವಿನೆಗರ್ ಕ್ಯಾನು ಆ ಸುಣ್ಣಕ್ಕೆ ಏನೂ ಅಲ್ಲ. ಹಣ ಖರ್ಚು ಮಾಡುವ ಮೊದಲು ಎರೆಮಣ್ಣಿನ ಕಪ್ಪುಗಳು ಏನು ಹೇಳುತ್ತವೆ ನೋಡಿ.

ಹಂತ 7: ಅಸಿಟೈಲೀಕರಣವನ್ನು ನೋಡುವುದು (ಪ್ರಯೋಗಾಲಯ ಉಳ್ಳವರಿಗೆ)

ಇಲ್ಲಿಯವರೆಗೆ ನೀವು ಅಳೆದದ್ದು ಗಿಡದ ಸ್ಥಿತಿಯನ್ನು, ಅಸಿಟೈಲೀಕರಣವನ್ನಲ್ಲ. ಹಸಿರು ಗಿಡದ ಚಿತ್ರ ಹಾಕಿ "ಅಸಿಟೈಲೀಕರಣದಿಂದ" ಎಂದು ಬರೆದ ಪ್ರಾಜೆಕ್ಟ್ ವರದಿಗಳನ್ನು ನೋಡಿದಾಗ ನನಗೆ ನಿಜಕ್ಕೂ ನೋವಾಗುತ್ತದೆ, ಏಕೆಂದರೆ ಇನ್ನೊಂದೇ ಹೆಜ್ಜೆ ಉಳಿದಿರುತ್ತದೆ.

ಎಲ್ಲ ಗಿಡಗಳಿಂದಲೂ ದಿನದ ಒಂದೇ ಹೊತ್ತಿಗೆ ಎಲೆ ಕೀಳಿರಿ. ಹಗಲು-ರಾತ್ರಿಯ ಲಯದೊಂದಿಗೆ ಹಿಸ್ಟೋನ್ ಅಸಿಟೈಲೀಕರಣವೂ ಏರಿಳಿಯುತ್ತದೆ. ಕಿತ್ತ ಕ್ಷಣವೇ ದ್ರವ ಸಾರಜನಕಕ್ಕೆ ಹಾಕಿ. ಮಂಜುಗಡ್ಡೆಯ ಮೇಲಿಟ್ಟು ಇನ್ನೊಂದು ಕಟ್ಟಡಕ್ಕೆ ಒಯ್ದರೆ ಬಿಡಿಸುವ ಕಿಣ್ವಗಳು ದಾರಿಯಲ್ಲೇ ತಮ್ಮ ಕೆಲಸ ಮಾಡಿರುತ್ತವೆ. ಅರೆಯುವ ದ್ರಾವಣದಲ್ಲಿ ಆ ಕಿಣ್ವಗಳನ್ನು ತಡೆಯಲು ಸೋಡಿಯಂ ಬ್ಯುಟಿರೇಟ್ ಮತ್ತು ನಿಕೋಟಿನಮೈಡ್ ಎರಡೂ ಇರಲಿ, ಏಕೆಂದರೆ ಮೊದಲನೆಯದು ತಡೆಯದ ಸರ್ಟುಯಿನ್ ಬಗೆಯ ಕಿಣ್ವಗಳನ್ನು ಎರಡನೆಯದು ತಡೆಯುತ್ತದೆ. ತೊಗರಿ ಎಲೆಯ ಫಿನಾಲಿಕ್ ವಸ್ತುಗಳು ರಸವನ್ನು ಕಂದುಬಣ್ಣಕ್ಕೆ ತಿರುಗಿಸಿ ಪ್ರೋಟೀನ್ ಕೆಡಿಸುವುದರಿಂದ ಅವುಗಳನ್ನು ಹೀರುವ ಪಿವಿಪಿಪಿ ಪುಡಿಯನ್ನೂ ಸೇರಿಸಿ.

ಕೋಶಕೇಂದ್ರಗಳನ್ನು ಬೇರ್ಪಡಿಸಿ, ತೆಳು ಗಂಧಕಾಮ್ಲದಲ್ಲಿ ಹಿಸ್ಟೋನ್‌ಗಳನ್ನು ಕರಗಿಸಿ ತೆಗೆದು, ಶೇ. 15ರ ಜೆಲ್‌ನಲ್ಲಿ ಓಡಿಸಿ. ನಂತರದ್ದು ವೆಸ್ಟರ್ನ್ ಬ್ಲಾಟ್, ಅಂದರೆ ಜೆಲ್‌ನ ಪ್ರೋಟೀನ್‌ಗಳನ್ನು ಪೊರೆಗೆ ವರ್ಗಾಯಿಸಿ, ಬೇಕಾದ ಗುರುತನ್ನು ಮಾತ್ರ ಹಿಡಿಯುವ ಪ್ರತಿಕಾಯದಿಂದ ಪತ್ತೆಹಚ್ಚುವ ವಿಧಾನ. ಹಿಸ್ಟೋನ್ ಎಚ್3 ಸುಮಾರು 15ರಿಂದ 17 ಕಿಲೋಡಾಲ್ಟನ್ ಜಾಗದಲ್ಲಿ ಕಾಣುವಷ್ಟು ಸಣ್ಣದು, ಆದ್ದರಿಂದ 0.2 ಮೈಕ್ರಾನ್ ರಂಧ್ರದ ಪೊರೆ ಬಳಸಿ, 0.45ರ ಪೊರೆಯಲ್ಲಿ ಅದು ತೂರಿ ಹೋಗಬಹುದು. ಎಚ್3ರ 9ನೇ ಲೈಸಿನ್‌ನ ಅಸಿಟೈಲ್ ಗುರುತಿಸುವ ಪ್ರತಿಕಾಯ ಒಂದು, ಅಸಿಟೈಲ್ ಇರಲಿ ಬಿಡಲಿ ಒಟ್ಟು ಎಚ್3 ಗುರುತಿಸುವುದು ಇನ್ನೊಂದು. ಮೊದಲನೆಯ ಪಟ್ಟಿಯ ಗಾಢತೆಯನ್ನು ಎರಡನೆಯದರಿಂದ ಭಾಗಿಸದೆ ಯಾವ ಗುಂಪನ್ನೂ ಹೋಲಿಸಬೇಡಿ. 2017ರ ಕೆಲಸದಲ್ಲಿ ಹೆಚ್ಚಿದ್ದು ಎಚ್4ರ ಅಸಿಟೈಲ್ ಆದ್ದರಿಂದ, ಹಣವಿದ್ದರೆ ಅದರ ಪ್ರತಿಕಾಯವನ್ನೂ ತರಿಸಿ.

ಕೆಲವರು ಎಲ್ಲ ಅಸಿಟೈಲ್-ಲೈಸಿನ್‌ಗಳನ್ನೂ ಹಿಡಿಯುವ ಪ್ರತಿಕಾಯವೊಂದರಿಂದಲೇ ಇಡೀ ಎಲೆಯ ಪ್ರೋಟೀನನ್ನು ನೋಡುತ್ತಾರೆ. ಆಗ 55 ಕಿಲೋಡಾಲ್ಟನ್ ಸುಮಾರಿಗೆ ಕಾಣುವ ದಪ್ಪ ಪಟ್ಟಿ ಬಹುಮಟ್ಟಿಗೆ ರುಬಿಸ್ಕೊದ್ದು. ಇದು ಗಾಳಿಯ ಇಂಗಾಲವನ್ನು ಹಿಡಿಯುವ, ಎಲೆಯಲ್ಲಿ ಅತಿ ಹೇರಳವಾಗಿರುವ ಕಿಣ್ವ. ಇದಕ್ಕೂ ಅಸಿಟೈಲ್ ಅಂಟುತ್ತದೆಂದು 2011ರಲ್ಲಿ ಅರಬಿಡಾಪ್ಸಿಸ್‌ನಲ್ಲಿ ತಿಳಿದುಬಂತು. ಅದನ್ನು ಬರದ ಪ್ರೋಟೀನ್ ಎಂದು ಬರೆದುಬಿಡಬೇಡಿ. ಮಾದರಿಯನ್ನು ಮಾಸ್ ಸ್ಪೆಕ್ಟ್ರೊಮೆಟ್ರಿಗೆ, ಅಂದರೆ ಅಣುವಿನ ತೂಕ ಅಳೆಯುವ ಪರೀಕ್ಷೆಗೆ ಹೊರಗೆ ಕಳುಹಿಸುವವರು ಉಪಕರಣ ಎಷ್ಟು ಸೂಕ್ಷ್ಮವಾದದ್ದು ಎಂದು ಮೊದಲೇ ಕೇಳಿಕೊಳ್ಳಿ: ಅಸಿಟೈಲ್ ಗುಂಪಿನ ತೂಕ 42.011, ಮೂರು ಮಿಥೈಲ್ ಗುಂಪುಗಳದು 42.047. ಈ ಎರಡನ್ನು ಬೇರ್ಪಡಿಸಲಾಗದ ಉಪಕರಣ ಕೊಟ್ಟ ಪಟ್ಟಿಯಲ್ಲಿ ಯಾವುದು ಅಸಿಟೈಲ್ ಎಂದು ಹೇಳಲಾಗದು.

ಕನಿಷ್ಠ ಮೂರು ಬೇರೆ ಬೇರೆ ಬಿತ್ತನೆಗಳಿಂದ ಮಾದರಿ ತೆಗೆಯಿರಿ. ಒಂದೇ ಎಲೆಯ ರಸವನ್ನು ಮೂರು ಬಾರಿ ಜೆಲ್‌ಗೆ ಹಾಕಿದರೆ ಅದು ಮೂರು ಗಿಡಗಳ ಸಾಕ್ಷಿಯಾಗುವುದಿಲ್ಲ. ಉಳಿದ ಎಲೆಯ ಪುಡಿಯನ್ನು ಬೀಜದ ತಳಿ, ಗುಂಪು, ಕಪ್ಪಿನ ಸಂಖ್ಯೆ, ಕಿತ್ತ ದಿನ ಮತ್ತು ಗಂಟೆ ಬರೆದು ಮೈನಸ್ 80 ಡಿಗ್ರಿಯಲ್ಲಿ ಇಡಿ. ಎರೆಮಣ್ಣಿನ ಸರದಿ ಮುಗಿದಾಗ ಎರಡನ್ನೂ ಒಂದೇ ಜೆಲ್‌ನಲ್ಲಿ ಪಕ್ಕಪಕ್ಕ ಓಡಿಸಬೇಕಾಗುತ್ತದೆ.